ಕಸಿಯಾನೊನ ಬಾವಿ

ಮೂವತ್ತಾರು ವರ್ಷ ರೊಕುರೊ ಕಂಡಕಂಡವರಿಗೆಲ್ಲ ಸಮುದ್ರ ತೋರಿಸಿದ. ಜಪಾನಿನವರು, ಜರ್ಮನಿಯವರು, ಆಸ್ಟ್ರೇಲಿಯಾದವರು, ವೇನೊ ದ್ವೀಪದಲ್ಲಿ ವಿಮಾನದಿಂದ ಯಾರೇ ಇಳಿಯಲಿ, ಅವರ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ, ಕೈ ಹಿಡಿದು ಹವಳದಂಡೆ ಸುತ್ತುವರಿದ ಲಗೂನಿನ ತಳಕ್ಕೆ ಕರೆದೊಯ್ದು, ಯುದ್ಧದಲ್ಲಿ ಮುಳುಗಿದ ಹಡಗುಗಳ ತುಕ್ಕು ತೋರಿಸಿ ಮೇಲೆ ತಂದ. ಬಂದವರು ಖುಷಿಪಟ್ಟು ಹೋದರು. ಆದರೆ ಕರೆದುಕೊಂಡು ಹೋಗುತ್ತೇನೆ ಅಂತ ತಾನೇ ಬಾಯಿಬಿಟ್ಟು ಮಾತು ಕೊಟ್ಟಿದ್ದ ಒಬ್ಬನೇ ಒಬ್ಬನನ್ನು ಮಾತ್ರ ಕರೆದುಕೊಂಡು ಹೋಗಲಿಲ್ಲ. ಹೇಳಿಕೊಳ್ಳೋದಕ್ಕೂ ನಾಚಿಕೆಯಾಗುವ ಸಂಗತಿ. ಆ ಒಬ್ಬ ಕಸಿಯಾನೊ, ಫೇಫೆನ್ ದ್ವೀಪದಲ್ಲಿ ಅವನ ಪಕ್ಕದ ಮನೆಯವನು.

ಉತ್ತರದ ಹವಳದಂಡೆ ಕಸಿಯಾನೊನ ಕುಲದವರದ್ದು. ಇಬ್ಬರಿಗೂ ಹತ್ತೊಂಬತ್ತು ವರ್ಷವಿದ್ದಾಗ ಅಲ್ಲಿ ಭಲ್ಲೆ ಹಿಡಿದು ಮೀನಿಗೆ ಮುಳುಗಿದ್ದರು. ಎಂಟು ಮಾರು ಕೆಳಗೆ, ಹವಳದ ಗೋಡೆಯಲ್ಲಿ ಮನೆಬಾಗಿಲಷ್ಟು ಅಗಲದ ಒಂದು ತೂತು. ಇಣುಕಿ ನೋಡಿದರೆ ಕತ್ತಲಿರಬೇಕಾದ ಕಡೆ ಬೆಳಕು. ಬಿಸಿಲು ಮೇಲಿಂದ ಬರೋದು ಎಲ್ಲರಿಗೂ ಗೊತ್ತು, ಇದು ಕೆಳಗಿನಿಂದ ಬರುತ್ತಿತ್ತು, ನೀಲಿ ಬಣ್ಣದ್ದು. ರೊಕುರೊ ನೋಡುತ್ತ ನೋಡುತ್ತ ಉಸಿರು ಎಷ್ಟಿದೆ ಅನ್ನೋದನ್ನೇ ಮರೆತ. ಕಸಿಯಾನೊ ಅವನ ಜುಟ್ಟು ಹಿಡಿದು ಮೇಲಕ್ಕೆಳೆದು ತರದಿದ್ದರೆ ಅವತ್ತೇ ಅವನ ಕಥೆ ಮುಗಿದಿತ್ತು. ದೋಣಿಯಲ್ಲಿ ಬಿದ್ದುಕೊಂಡು ಉಪ್ಪುನೀರು ಕಕ್ಕುತ್ತ ರೊಕುರೊ ಹೇಳಿದ್ದ, "ನಾನು ಆ ಗಾಳಿಡಬ್ಬಿ ಕೆಲಸ ಕಲೀತೀನಿ ಕಣೋ. ಕಲಿತು ನಿನ್ನನ್ನ ಆ ಬಾವಿಯೊಳಗೆ ಕರ್ಕೊಂಡು ಹೋಗ್ತೀನಿ. ಇಬ್ರೂ ಒಟ್ಟಿಗೇ ನೋಡೋಣ." ಅವತ್ತಿನಿಂದ ಅದಕ್ಕೆ ಬಾವಿ ಅಂತಲೇ ಹೆಸರಾಯಿತು.

ಆ ವಾರವೇ ಇಬ್ಬರ ತಾಯಂದಿರೂ ದೀವಿಹಲಸಿನ ಕಡುಬಿನ ಬುಟ್ಟಿ ಅತ್ತಿಂದಿತ್ತ ಕಳಿಸಿಕೊಂಡು ಹುಡುಗರನ್ನು ಅಣ್ಣತಮ್ಮಂದಿರನ್ನಾಗಿ ಮಾಡಿದರು. ಹಾಗೆ ಕೂಡಿಕೊಂಡ ಅಣ್ಣತಮ್ಮಂದಿರದ್ದು ಒಡಹುಟ್ಟಿದವರಿಗಿಂತ ಬಿಗಿಯಾದ ನಂಟು. ಒಬ್ಬ ಕೇಳಿದರೆ ಇನ್ನೊಬ್ಬ ಇಲ್ಲ ಅನ್ನುವ ಹಾಗಿಲ್ಲ. ಹೊಲವಾಗಲಿ, ದೋಣಿಯಾಗಲಿ, ಕೇಳಿದ್ದು ಕೊಟ್ಟದ್ದೇ. ಅದಕ್ಕೇ ಮರ್ಯಾದಸ್ಥರು ಸುಮ್ಮಸುಮ್ಮನೆ ಬಾಯಿ ತೆರೆಯೋದಿಲ್ಲ. ಒಂದು ಸಲ ರೊಕುರೊ ಯೋಚನೆಯಿಲ್ಲದೆ ಕಸಿಯಾನೊನ ಹೊಸ ದೋಣಿ ಎಂಜಿನ್ ತಟ್ಟಿ "ಚೆನ್ನಾಗಿದೆಯಲ್ಲೋ" ಅಂದುಬಿಟ್ಟ. ಬೆಳಿಗ್ಗೆ ಎದ್ದು ನೋಡಿದರೆ ಎಂಜಿನ್ ಇವನ ಹೊಸ್ತಿಲ ಮೇಲೆ ಮಲಗಿದೆ! ಕಸಿಯಾನೊ ಆರು ತಿಂಗಳು ಹುಟ್ಟು ಹಾಕಿಕೊಂಡು ಮೀನು ಹಿಡಿದ. ವಾಪಸ್ ಕೊಡಲು ಹೋದರೆ "ನನ್ನ ಮರ್ಯಾದೆ ತೆಗೀಬೇಡ" ಅಂತ ಉಗಿದು ಕಳಿಸಿದ. ಅಂದಿನಿಂದ ರೊಕುರೊ ಅವನ ಮುಂದೆ ನಾಲಿಗೆಯನ್ನು ಹಲ್ಲಿನ ಹಿಂದೆಯೇ ಇಟ್ಟುಕೊಂಡ.

ಕೆಲಸ ಕಲಿತದ್ದೇನೋ ನಿಜ. ಆದರೆ ಅತಿಥಿಗಳು ಬರುತ್ತಲೇ ಇದ್ದರು. ಈ ತಂಡ ಹೋಗಲಿ, ಆ ತಂಡ ಹೋಗಲಿ, ಗಾಳಿ ಕಮ್ಮಿಯಾಗಲಿ, ಕಂಪ್ರೆಸರ್ ರಿಪೇರಿಯಾಗಲಿ. ಹಾಗೇ ನಲವತ್ತು ವರ್ಷ. ಕಸಿಯಾನೊ ಒಂದು ಸಲವೂ "ಏನಾಯ್ತೋ ನಿನ್ನ ಮಾತು" ಅಂತ ಕೇಳಲಿಲ್ಲ. ಹೋದ ವರ್ಷ ಒಂದಿನ ಅಂಗಳದಲ್ಲಿ ತೆಂಗಿನಕಾಯಿ ತುರಿಯುತ್ತ ಕೂತಿದ್ದವನು, ಯಾರಿಗೂ ಹೇಳಿದ್ದಲ್ಲ ಅನ್ನುವ ಹಾಗೆ, "ನಮ್ಮಪ್ಪ ಅರವತ್ತಕ್ಕೆ ಹೋದ. ನಂಗೆ ಬರೋ ವರ್ಷ ಅರವತ್ತು" ಅಂದ. ಅಷ್ಟೇ. ತುರಿಯುವುದನ್ನು ಮುಂದುವರಿಸಿದ.

ರೊಕುರೊ ನೇರ ಮನೆಗೆ ಬಂದು ಗೋಡೆಯಿಂದ ಚರ್ಚಿನ ಕ್ಯಾಲೆಂಡರ್ ಕಿತ್ತು ಊಟದ ಮೇಜಿನ ಮೇಲೆ ಬೋರಲು ಹಾಕಿದ.

"ಅಯ್ಯೋ, ಸಂತರನ್ನೆಲ್ಲ ಯಾಕೆ ತಲೆಕೆಳಗೆ ಮಾಡ್ತೀಯ?" ಅಂದಳು ಹೆಂಡತಿ ಫೆರ್ಮಿನಾ.

"ಪ್ಲಾನು ಕಣೇ. ಕಸಿಯಾನೊನ ಬಾವಿಗೆ. ಈ ಸಲ ಯಾವ ನನ್ಮಗ ಅತಿಥಿ ಬಂದ್ರೂ ಬಿಡಲ್ಲ."

"ಊರಿನವರಿಗೆಲ್ಲ ಅರ್ಧ ಗಂಟೇಲಿ ಪ್ಲಾನು ಹಾಕಿಕೊಡೋ ದೊಡ್ಡ ಮನುಷ್ಯ, ಒಬ್ಬ ತಮ್ಮನಿಗೆ ನಲವತ್ತು ವರ್ಷ ತಗೊಂಡ್ಯಲ್ಲ! ನಿನ್ನ ಮುಖಕ್ಕಿಷ್ಟು." ಬೈದಳು, ಆದರೆ ಪೆನ್ಸಿಲ್ ಹುಡುಕಿ ಕೊಟ್ಟವಳೂ ಅವಳೇ.

ಅಷ್ಟು ಮುತುವರ್ಜಿಯಿಂದ ಅವನು ಯಾವ ಶ್ರೀಮಂತನಿಗೂ ಪ್ಲಾನು ಹಾಕಿದವನಲ್ಲ. ಬಾವಿಯ ಹತ್ತಿರ ನೀರು ಒಳಗೆ ಬರುವುದೂ ಹೊರಗೆ ಹೋಗುವುದೂ ನಿಂತು, ಕಡಲು ಉಸಿರು ಬಿಗಿಹಿಡಿದು ಸುಮ್ಮನಿರುವುದು ಮುಕ್ಕಾಲು ಗಂಟೆ ಮಾತ್ರ. ಚಂದ್ರನ ಲೆಕ್ಕ ಹಾಕಿ, ಆ ಮುಕ್ಕಾಲು ಗಂಟೆ ಬೆಳಗಿನ ಬಿಸಿಲಿಗೆ ಸರಿಯಾಗಿ ಬೀಳುವ ಮಂಗಳವಾರ ಆರಿಸಿದ. ಮೂರು ಸಿಲಿಂಡರ್ ತೆಗೆದಿಟ್ಟ. ದಪ್ಪ ಜರ್ಮನ್ನನೊಬ್ಬ ಬಿಟ್ಟುಹೋಗಿದ್ದ ಈಜುಡುಗೆಯನ್ನು ಫೆರ್ಮಿನಾ ಕಸಿಯಾನೊನ ಅಳತೆಗೆ ಹೊಟ್ಟೆಯ ಹತ್ತಿರ ಹಿಡಿದು ಹೊಲಿದಳು. ಆ ವಾರ ಬರುವವರಿದ್ದ ಆರು ಜನಕ್ಕೆ ಬೇರೆ ದೋಣಿಯವನನ್ನು ಗೊತ್ತು ಮಾಡಿಕೊಟ್ಟ. ಅದು ಅವನ ಜನ್ಮದಲ್ಲೇ ಮೊದಲು.

ಎರಡು ವಾರ ದಿನಾ ಸಂಜೆ ಸೊಂಟಮಟ್ಟ ನೀರಿನಲ್ಲಿ ಪಾಠ. ಕಸಿಯಾನೊ ಕುಲದ ಹಿರಿಯ, ನಾಲ್ಕು ಜನ ತಲೆಬಾಗುವಂಥ ಗಂಡಸು. ಅಂಥವನು ಬಾಯಿಗೆ ರಬ್ಬರ್ ಕಚ್ಚಿದ ಕೂಡಲೇ ಕಿಸಕ್ಕನೆ ನಕ್ಕು, ನೀರು ಕುಡಿದು, ಕೆಮ್ಮುತ್ತ ಮೇಲೇಳುತ್ತಿದ್ದ.

"ಮೀನು ನಗಲ್ಲ ಕಣೋ, ಅದಕ್ಕೇ ಅದು ಬದುಕಿರೋದು!" ಅಂತ ರೊಕುರೊ ಗದರಿಸುತ್ತಿದ್ದ.

"ನಿನ್ನ ಮುಖ ಆ ಗಾಜಿನೊಳಗೆ ನೋಡಿದ್ರೆ ಮೀನೂ ನಗುತ್ತೆ ಬಿಡು."

ಎರಡನೇ ಶನಿವಾರದ ಹೊತ್ತಿಗೆ ಕಸಿಯಾನೊ ತಳದ ಮರಳಿನ ಮೇಲೆ ಕಾಲು ಗಂಟೆ ಕೂತು ಎದ್ದು ಬಂದ. ನೀರು ಸುರಿಯುವ ಮುಖದಲ್ಲಿ ಹತ್ತೊಂಬತ್ತರ ಹುಡುಗನ ನಗು. "ಮಂಗಳವಾರ," ಅಂದ. "ಮಂಗಳವಾರ," ಅಂದ ಇವನೂ.

ಭಾನುವಾರ ಚರ್ಚಿನಿಂದ ಬಂದ ಕಸಿಯಾನೊನ ಅಕ್ಕ ನೆರಿನಾ ಊಟಕ್ಕೆ ಕೂತಲ್ಲೇ ಪಕ್ಕಕ್ಕೆ ವಾಲಿ ಹೋಗಿಬಿಟ್ಟಳು.

ಕುಲದ ಹಿರಿಯ ಹೆಣ್ಣು ಸತ್ತರೆ ಕುಲದ ಹವಳದಂಡೆಗೂ ಸೂತಕ. ಮೆಚೆನ್ ಅಂತಾರೆ. ದಂಡೆಯುದ್ದಕ್ಕೂ ಕೋಲು ನೆಟ್ಟು ತೆಂಗಿನ ಗರಿ ಕಟ್ಟಿದರೆ ಮುಗಿಯಿತು, ಹಿರಿಯ ಮತ್ತೆ ಕೋಲು ಕೀಳುವ ತನಕ ಅಲ್ಲಿ ಬಲೆ ಬೀಳಬಾರದು, ಮನುಷ್ಯ ಮುಳುಗಬಾರದು. ಆರು ತಿಂಗಳೋ, ವರ್ಷವೋ, ಹೇಳುವಂತಿಲ್ಲ. ಅಕ್ಕನನ್ನು ಮಣ್ಣು ಮಾಡಿದ ಮರುದಿನ ಕಸಿಯಾನೊ ಒಬ್ಬನೇ ದೋಣಿ ತುಂಬ ಕೋಲು ಹೇರಿಕೊಂಡು ಹೋಗಿ ನೆಟ್ಟು ಬಂದ. ಅವತ್ತು ಮಂಗಳವಾರ.

"ಹೋಗಿ ಕೇಳು," ಅಂದಳು ಫೆರ್ಮಿನಾ. "ಕೋಲು ನೆಟ್ಟೋನು ಅವನೇ. ಕೂಡಿಕೊಂಡ ಅಣ್ಣ ಕೇಳಿದ್ರೆ ಒಂದು ಬೆಳಿಗ್ಗೆ ಬಿಟ್ಟುಕೊಡ್ತಾನೆ. ಮೀನೇನು ಹಿಡಿಯಲ್ವಲ್ಲ, ನೋಡಿ ಬರೋದು ತಾನೆ."

"ಅದಕ್ಕೇ ಕೇಳಬಾರದು ಕಣೇ. ನಾನು ಕೇಳಿದ್ರೆ ಅವನು ಇಲ್ಲ ಅನ್ನೋ ಹಾಗಿಲ್ಲ. ಅಕ್ಕನ ಸೂತಕ ಮುರಿದ ಅಂತ ಅವನ ಜನ ಅವನ ಮುಖಕ್ಕೆ ಉಗೀತಾರೆ. ಎಂಜಿನ್ ಕಿತ್ಕೊಂಡಿದ್ದು ಸಾಲದಾ, ಈಗ ಮಾನಾನೂ ಕಿತ್ಕೊಳ್ಳಲಾ?"

"ಅವನ ಮನಸ್ಸಲ್ಲಿ ಏನಿದೆ ಅಂತ ನೀನೇ ಹೇಳ್ತೀಯಲ್ಲ, ಅವನ ಹೊಟ್ಟೆಯೊಳಗೆ ಹೋಗಿ ಬಂದ್ಯಾ?"

ರೊಕುರೊ ಸಿಟ್ಟಾಗಿ ಎದ್ದುಹೋದ. ತಾನು ದೊಡ್ಡ ಮನಸ್ಸು ಮಾಡುತ್ತಿದ್ದೇನೆ, ಈ ಹೆಂಗಸಿಗೆ ಅದು ಅರ್ಥವಾಗುವುದಿಲ್ಲ ಅನ್ನುವ ಜಂಭ ಬೇರೆ. ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೆ ಕಸಿಯಾನೊನ ಪಕ್ಕದಲ್ಲಿ ಚಾಪೆ ಮೇಲೆ ಕೂತ. ಪಾಪ, ಬಾವಿಯ ವಿಚಾರಕ್ಕೆ ಅವನು ಮುಜುಗರಪಡುವುದು ಬೇಡ ಅಂತ ತಾನೇ ಮಾತು ತೆಗೆದ.

"ಆ ಮಂಗಳವಾರದ ವಿಷಯ ತಲೇಲಿ ಇಟ್ಕೋಬೇಡ. ಹೇಗಿದ್ರೂ ನಂಗೆ ಅತಿಥಿಗಳಿದ್ರು. ನಿಜ ಹೇಳ್ಬೇಕಂದ್ರೆ ಮರೆತೇ ಹೋಗಿತ್ತು."

ಕಸಿಯಾನೊ ತಟ್ಟೆಯಿಂದ ಕೈ ತೆಗೆದ. "ಮರೆತೇ ಹೋಗಿತ್ತಾ?"

"ಹೂಂ. ವಯಸ್ಸಾಯ್ತಲ್ಲ."

"ಸರಿ ಬಿಡು," ಅಂದ ಕಸಿಯಾನೊ. ಆಮೇಲೆ ಅನ್ನ ಮುಟ್ಟಲಿಲ್ಲ. ಅಕ್ಕನ ದುಃಖ ಅಂದುಕೊಂಡ ರೊಕುರೊ. ಎಷ್ಟು ಮುಠ್ಠಾಳನಿರಬೇಕು!

ಆಮೇಲಿನ ತಿಂಗಳುಗಳಲ್ಲಿ ಅವನು ಅತಿಥಿಗಳನ್ನು ಹಡಗುಗಳಿಗೆ ಕರೆದೊಯ್ಯುತ್ತಿದ್ದ. ಉತ್ತರದ ದಂಡೆಯ ಕಡೆ ದೋಣಿಯ ಮೂತಿಯನ್ನೂ ತಿರುಗಿಸಲಿಲ್ಲ. ಸೂತಕದ ಕೋಲುಗಳನ್ನು ದೂರದಿಂದ ನೋಡುವುದೂ ಮರ್ಯಾದೆಯಲ್ಲ ಅಂತ ಒಂದು ಮೈಲಿ ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಕಸಿಯಾನೊ ಸಿಕ್ಕಾಗ ಮಾತಾಡುತ್ತಿದ್ದ, ಆದರೆ ಗೇಲಿ ಮಾಡುವುದನ್ನು ಬಿಟ್ಟಿದ್ದ. ಐದನೇ ತಿಂಗಳಲ್ಲಿ ಕೆಸುವಿನ ಗದ್ದೆಯಲ್ಲಿ ಬಗ್ಗಿದವನು ಏಳಲಿಲ್ಲ. ಜೀವ ಉಳಿಯಿತು. ಬಲಗೈ ಬಲಗಾಲು ಹೋಯಿತು, ಮಾತು ಸ್ವಲ್ಪ ತೊದಲಾಯಿತು. ನೋಡಲು ಹೋದ ರೊಕುರೊ ಆ ಸತ್ತ ಕೈ ಹಿಡಿದುಕೊಂಡು ಗಳಗಳ ಅತ್ತ. "ಬಿಡೋ, ಇನ್ನೊಂದಿದೆ," ಅಂದ ಕಸಿಯಾನೊ.

ಎಂಟನೇ ತಿಂಗಳು ಗುವಾಮ್ ದ್ವೀಪದಿಂದ ಕಸಿಯಾನೊನ ಮಗಳು ಕೆರುಕೊ ಬಂದಳು. ಅಲ್ಲಿನ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತ್ತು. ಗುರುವಾರ ಸೇರಿಸಬೇಕು, ಆ ದಿನ ತಪ್ಪಿದರೆ ಮತ್ತೆ ಯಾವಾಗಲೋ, ಬುಧವಾರದ ವಿಮಾನ. ಹೋದ ಮೇಲೆ ಅಪ್ಪ ತನ್ನ ಜೊತೆಯಲ್ಲೇ ಇರಲಿ ಅಂತ ಅವಳ ಹಟ. ಹೊರಡುವ ಮುಂಚೆ ಕಸಿಯಾನೊ ಸೋದರಳಿಯಂದಿರನ್ನು ಕಳಿಸಿ ಕೋಲುಗಳನ್ನು ಕೀಳಿಸಿದ, ದಂಡೆ ತೆರೆಯಿತು. ಸೋಮವಾರ ರೊಕುರೊನಿಗೆ ಹೇಳಿ ಕಳಿಸಿದ: ನಾಳೆ ಬೆಳಿಗ್ಗೆ ದೋಣಿ ತಗೊಂಡು ಬಾ, ಒಂದು ಸಿಲಿಂಡರ್ ತಾ. ಬಾವಿಗೆ.

ನಾಲ್ಕು ಜನ ಸೇರಿ ಅವನನ್ನು ದೋಣಿಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದರು. ಹಿಂದೆ ಕೆರುಕೊ ಅಪ್ಪನ ತಲೆಗೆ ಛತ್ರಿ ಹಿಡಿದು ಕೂತಳು. ಒಂದು ಗಂಟೆಯ ದಾರಿ. ದಂಡೆಯ ನೊರೆ ಕಾಣಿಸಿದಾಗ ಕಸಿಯಾನೊ ಎಡಗೈ ಎತ್ತಿ ನೀರಲ್ಲಿ ಒಂದು ಕಡೆ ತೋರಿಸಿದ. ಕೋಲು ಕಿತ್ತ ಜಾಗದಲ್ಲಿ ಹವಳದ ಮೇಲೆ ಒಂದು ಬಿಳಿ ಗಾಯ.

"ಅದು ಕೊನೇ ಕೋಲು," ಅಂದ.

ರೊಕುರೊ ಆ ಕಡೆ ನೋಡಿದ, ಆಮೇಲೆ ಬಾವಿಯ ಕಡೆ ನೋಡಿದ. ನಡುವೆ ಇಪ್ಪತ್ತು ಮಾರು ಅಂತರ. ಬಾವಿ ಕೋಲಿನ ಆಚೆಗಿತ್ತು.

"ಬಾವಿ ಬಿಟ್ಟು ನೆಟ್ಟಿದ್ಯಾ?"

"ಮತ್ತೆ? ಅವತ್ತು ಮಂಗಳವಾರ. ನಂಗೆ ಮರೆತಿರ್ಲಿಲ್ಲ."

ರೊಕುರೊ ಅವನ ಕಡೆ ತಿರುಗಿದ. "ಹೇಳಬಾರದಾಗಿತ್ತಾ ನೀನು..."

"ನಾನು ಹೇಗೆ ಹೇಳಲಿ? ಅಕ್ಕ ಸತ್ತು ಮೂರು ದಿನ ಆಗಿಲ್ಲ, ತಮ್ಮ ಮೋಜಿಗೆ ಹೊರಟ ಅಂತ ನಮ್ಮ ಹೆಂಗಸರು ಚಪ್ಪಲಿ ತಗೋತಿದ್ರು. ಅದೇ ನೀನು ಬಂದು ಕೇಳಿದ್ದಿದ್ರೆ ಮುಗೀತಿತ್ತು. ಕೂಡಿಕೊಂಡ ಅಣ್ಣ ಕೇಳಿದ, ಇಲ್ಲ ಅನ್ನೋ ಹಾಗಿರ್ಲಿಲ್ಲ ಅಂತಿದ್ದೆ. ಯಾರಪ್ಪನೂ ಬಾಯಿ ತೆರೀತಿರ್ಲಿಲ್ಲ. ಐದು ತಿಂಗಳು ದಿನಾ ಅಂಗಳದಲ್ಲಿ ಕೂತು ಕಾದೆ ಕಣೋ. ಬರ್ತಾನೆ, ಕೇಳ್ತಾನೆ ಅಂತ. ನಂಗೆ ಹೊಲಿದ ಆ ಈಜುಡುಗೆ ನಿನ್ನ ಮನೇಲೇ ನೇತಾಡ್ತಿತ್ತು, ನಮ್ಮಂಗಳದಿಂದ ಕಾಣ್ತಿತ್ತು."

"ನಾನು... ನಿನ್ನ ಮರ್ಯಾದೆಗೆ..."

"ಮರೆತೇ ಹೋಗಿತ್ತು ಅಂದೆ ನೀನು."

"ಸುಳ್ಳು ಕಣೋ ಅದು! ನಿನಗೆ ಭಾರ ಆಗಬಾರದು ಅಂತ ಹೇಳಿದ ಸುಳ್ಳು."

"ಗೊತ್ತಾಗ್ಲಿಲ್ಲ ನಂಗೆ," ಅಂದ ಕಸಿಯಾನೊ. "ಚೆನ್ನಾಗಿ ಹೇಳಿದ್ದೆ."

ರೊಕುರೊ ಲಂಗರು ಹಾಕಿದ, ಸಿಲಿಂಡರ್ ಕಟ್ಟಿಕೊಂಡ. ನೀರು ಅಲುಗಾಡದೆ ನಿಂತಿತ್ತು, ಬಿಸಿಲು ನೇರಕ್ಕೆ ಬಿದ್ದಿತ್ತು, ಅವನ ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ. ಕಸಿಯಾನೊ ಎಡಗೈಯಿಂದ ಅವನ ಬೆನ್ನು ತಟ್ಟಿ, "ಹೋಗು" ಅಂದ. ರೊಕುರೊ ಮುಳುಗಿದ.

ಎಂಟು ಮಾರು. ಬಾವಿಯ ಬಾಯಿ ಹಾಗೇ ಇತ್ತು, ಅಂಚಿಗೆ ಹವಳ ಒಂದಿಷ್ಟು ಬೆಳೆದು ಸ್ವಲ್ಪ ಕಿರಿದಾಗಿತ್ತು. ಕೆಳಗಿನಿಂದ ಆ ನೀಲಿ ಬೆಳಕು. ನಲವತ್ತು ವರ್ಷದ ಹಿಂದೆ ಕೈ ಊರಿದ್ದ ಕಡೆಯೇ ಕೈ ಊರಿ ನೋಡಿದ. ಬೆನ್ನ ಮೇಲೆ ಮುಕ್ಕಾಲು ಗಂಟೆಗಾಗುವ ಗಾಳಿ. ಒಂದು ಸಲ ಕಾಲು ಬಡಿದರೆ ಒಳಗೆ. ಆದರೆ ಕಾಲು ಏಳಲಿಲ್ಲ. ಇಬ್ಬರೂ ಒಟ್ಟಿಗೆ ನೋಡೋಣ ಅಂದಿದ್ದ ಜಾಗ ಇದು. ಅವನನ್ನು ಮೇಲೆ ದಿಂಬಿಗೆ ಒರಗಿಸಿ, ನಾನೊಬ್ಬನೇ ಹೋಗಿ ಕಣ್ತುಂಬ ನೋಡಿಕೊಂಡು ಬರಲಾ? ಥೂ. ಅವನು ನೋಡದ್ದು ನನಗೂ ಬೇಡ. ಮಾಡಿದ ತಪ್ಪಿಗೆ ಇಷ್ಟಾದರೂ ದಂಡ ಕಟ್ಟುತ್ತೇನೆ ಅಂದುಕೊಂಡ. ಮುಖದ ಗಾಜಿನೊಳಗೇ ಅಳು ಬಂತು. ಬಾಗಿಲ ಮುಂದೆ ಇಪ್ಪತ್ತು ನಿಮಿಷ ಕೂತು, ನಿಧಾನಕ್ಕೆ ಮೇಲೆ ಬಂದ.

ಕಸಿಯಾನೊ ದೋಣಿಯ ಅಂಚಿಗೆ ಕತ್ತು ಚಾಚಿ ಕಾದಿದ್ದ. ಎಡಗಣ್ಣು ಫಳಫಳ ಹೊಳೆಯುತ್ತಿತ್ತು. "ಹೇಳು! ಏನಿತ್ತು ಒಳಗೆ? ಬೆಳಕು ಎಲ್ಲಿಂದ ಬರುತ್ತೆ?"

"ನಾನು ಒಳಗೆ ಹೋಗ್ಲಿಲ್ಲ."

"ಯಾಕೆ, ಮುಚ್ಚಿಹೋಗಿದ್ಯಾ?"

"ಇಲ್ಲ. ತೆರೆದಿದೆ. ನೀನಿಲ್ಲದೆ ನಾನೊಬ್ಬನೇ ನೋಡಲ್ಲ ಅಂತ ಬಾಗಿಲಲ್ಲೇ ಕೂತಿದ್ದು ಬಂದೆ."

ಕಸಿಯಾನೊನ ಮುಖ ಕೆಂಪಾಯಿತು. ಸೊಟ್ಟಗಾದ ಬಾಯಿಂದ ಮೊದಲು ಬರೀ ಸದ್ದು ಬಂತು, ಆಮೇಲೆ ಮಾತು. "ಅಯ್ಯೋ ಮೂರ್ಖಾ! ನಿನ್ನನ್ನ ಯಾರು ಕೇಳಿದ್ರು ಬಾಗಿಲಲ್ಲಿ ಕೂರು ಅಂತ? ನನ್ನ ಕೇಳಿದ್ಯಾ? ಒಂದು ಮಾತು ಕೇಳಿದ್ಯಾ? ನಿನ್ನ ಕಣ್ಣು ನಂಗೆ ಬೇಕಾಗಿತ್ತು ಕಣೋ! ನೋಡ್ಕೊಂಡು ಬಂದು ಹೇಳ್ತೀಯ ಅಂತ ಈ ಹೆಣ ಹೊತ್ಕೊಂಡು ಇಲ್ಲೀವರೆಗೂ ಬಂದೆ. ನೀನು ಮತ್ತೆ ನನ್ನ ಪರವಾಗಿ ಯೋಚನೆ ಮಾಡಿದ್ಯಾ?"

"ಅಪ್ಪಾ, ಕೂಗಬೇಡ, ಡಾಕ್ಟರು..." ಅಂದಳು ಕೆರುಕೊ.

"ಸುಮ್ನಿರೇ!"

ರೊಕುರೊ ನೀರಿನಲ್ಲೇ ದೋಣಿಯ ಅಂಚು ಹಿಡಿದು ತೇಲುತ್ತಿದ್ದ. ಅವನ ಹೊಟ್ಟೆಯೊಳಗೆ ಹೋಗಿ ಬಂದ್ಯಾ ಅಂತ ಹೆಂಡತಿ ಎಂಟು ತಿಂಗಳ ಹಿಂದೆಯೇ ಕೇಳಿದ್ದು ಈಗ ತಲೆಗೆ ಹೋಯಿತು. "ಗಾಳಿ ಇನ್ನೂ ಅರ್ಧ ಇದೆ," ಅಂದ. "ಈಗ್ಲೇ ಹೋಗ್ತೀನಿ. ಈಗ್ಲೇ. ಎಲ್ಲಾ ನೋಡ್ಕೊಂಡು ಬರ್ತೀನಿ."

ಅಷ್ಟರಲ್ಲಿ ದೋಣಿ ತಾನಾಗಿ ತಿರುಗಿತು. ಲಂಗರಿನ ಹಗ್ಗ ಬಿಗಿದು ಕಿರುಗುಟ್ಟಿತು. ಅವನ ಕಾಲಿನ ಕೆಳಗೆ ನೀರು ತಣ್ಣಗೆ ಸರಿದು ಬಾವಿಯ ಕಡೆ ಎಳೆಯತೊಡಗಿತು. ಇಳಿತ ಶುರುವಾಗಿ ಕಡಲು ಹೊರಟುಬಿಟ್ಟಿತ್ತು. ಈ ಸೆಳೆತದಲ್ಲಿ ಆ ಬಾಯಿಯೊಳಗೆ ಹೋದವನು ಆಚೆಯ ಮಹಾಸಮುದ್ರದಲ್ಲಿ ಏಳಬೇಕು, ಎದ್ದರೆ. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ರೊಕುರೊ ರಬ್ಬರನ್ನು ಬಾಯಿಗೆ ಇಟ್ಟುಕೊಂಡ.

ಕಸಿಯಾನೊ ಎಡಗೈ ಚಾಚಿ ಅವನ ಕೂದಲು ಹಿಡಿದ. ಆ ಒಂದು ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ! ಬಿಡಲಿಲ್ಲ. "ದೋಣಿ ಹತ್ತು," ಅಂದ. ಕೆರುಕೊ ಛತ್ರಿ ಬಿಸಾಡಿ ಬಂದು ತೋಳು ಹಿಡಿದು ಎಳೆದಳು.

ರೊಕುರೊ ದೋಣಿಯ ತಳದಲ್ಲಿ ಕೂತ. ನೀರು ಮತ್ತೆ ಬೆಳಗಿನ ಹೊತ್ತು ಹೀಗೆ ನಿಲ್ಲುವುದು ನಾಳೆ, ಇವತ್ತಿಗಿಂತ ಮುಕ್ಕಾಲು ಗಂಟೆ ತಡವಾಗಿ. ವಿಮಾನ ನಾಳೆ ಹತ್ತಕ್ಕೆ, ಸರಿಯಾಗಿ ಆ ಹೊತ್ತಿಗೇ. ಬರೀ ಒಂದು ದಿನ. ಒಂದೇ ಒಂದು ದಿನ ಕಸಿಯಾನೊ ಇದ್ದುಬಿಟ್ಟರೆ ಸಾಕು, ನಾಳೆ ತಲೆ ಒಳಗಿಟ್ಟು ಎಲ್ಲಾ ನೋಡಿ ಬಂದು, ಪಕ್ಕದಲ್ಲಿ ಕೂತು, ಒಂದೂ ಬಿಡದೆ ಹೇಳಬಹುದು. ನಲವತ್ತು ವರ್ಷದಲ್ಲಿ ಮೊದಲ ಸಲ ಕೇಳಬೇಕಾದ ಮಾತು ಅವನ ನಾಲಿಗೆ ತುದಿಗೆ ಬಂತು. ಈ ಸಲ ನುಂಗುವುದಿಲ್ಲ ಅಂತ ತಲೆ ಎತ್ತಿದ.

ಕಸಿಯಾನೊ ಅವನ ಮುಖವನ್ನೇ ನೋಡುತ್ತಿದ್ದ. ಸಿಟ್ಟೆಲ್ಲ ಇಳಿದುಹೋಗಿತ್ತು. ಹಿಂದೆ ಮಗಳು ತುಟಿ ಕಚ್ಚಿಕೊಂಡು ಅಪ್ಪನ ಸತ್ತ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಇದೊಂದನ್ನ ಕೇಳಬೇಡ ಕಣೋ," ಅಂದ ಕಸಿಯಾನೊ ಮೆಲ್ಲಗೆ. "ನೀನು ಕೇಳಿದ್ರೆ ನಾನು ಇಲ್ಲ ಅನ್ನೋ ಹಾಗಿಲ್ಲ."

ರೊಕುರೊ ಬಾಯಿ ಮುಚ್ಚಿದ. ಎದ್ದು ಲಂಗರು ಎಳೆಯತೊಡಗಿದ.